ಪಾಲಿಸ್ಟೈರೀನ್ ನ್ಯಾನೋಕಣಗಳು ತಾವೇ ಸಾಲಾಗಿ ಕೂರಬೇಕಿತ್ತು, ಬಿಳಿ ಪುಡಿ ಆಗುತ್ತಿವೆ. ಯಾಕೆ?

ಅಂತರಗಂಗೆ_22

ಎಲ್ಲರಿಗೂ ನಮಸ್ಕಾರ. ನಾನು ಕೋಲಾರದಲ್ಲಿ ಎಂಎಸ್ಸಿ ಕೆಮಿಸ್ಟ್ರಿ ಕೊನೇ ವರ್ಷ ಓದುತ್ತಿದ್ದೇನೆ. ಪ್ರಾಜೆಕ್ಟ್‌ಗೆ ಪಾಲಿಮರ್ ನ್ಯಾನೋಕಣಗಳ ಸೆಲ್ಫ್ ಅಸೆಂಬ್ಲಿ ತಗೊಂಡಿದ್ದೇನೆ. ಒಂದೇ ಗಾತ್ರದ ಪಾಲಿಸ್ಟೈರೀನ್ ಗುಂಡುಗಳನ್ನು ನೀರಿನಲ್ಲಿ ಮಾಡಿಕೊಂಡು, ಅವು ಗಾಜಿನ ಮೇಲೆ ಪದರ ಪದರವಾಗಿ ತಾವಾಗಿಯೇ ಕೂತು, ಓಪಲ್ ಕಲ್ಲಿನ ಥರ ಬಣ್ಣ ಕೊಡಬೇಕು. ಡೈ ಏನೂ ಹಾಕದೆ ಬರೀ ಜೋಡಣೆಯಿಂದಲೇ ಬಣ್ಣ ಬರುತ್ತೆ ಅನ್ನೋದು ನನಗೆ ತುಂಬಾ ಇಷ್ಟ ಆಗಿ ಹಟ ಹಿಡಿದು ತಗೊಂಡ ವಿಷಯ ಇದು.

ಮಾಡಿದ್ದು ಹೀಗೆ. ಸ್ಟೈರೀನನ್ನು ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ತೊಳೆದು ಇನ್‌ಹಿಬಿಟರ್ (ಸ್ಟೈರೀನ್ ಮೊದಲೇ ಪಾಲಿಮರ್ ಆಗದಂತೆ ತಡೆಯುವ ವಸ್ತು) ತೆಗೆದೆ. ಡಿಸ್ಟಿಲ್ಡ್ ವಾಟರ್, ಸ್ಟೈರೀನ್, ಪೊಟ್ಯಾಸಿಯಂ ಪರ್ಸಲ್ಫೇಟ್ ಹಾಕಿ, ನೈಟ್ರೋಜನ್ ಬಿಟ್ಟು, 70 ಡಿಗ್ರಿಯಲ್ಲಿ ರಾತ್ರಿಯಿಡೀ ತಿರುಗಿಸಿದೆ. ಸರ್ಫ್ಯಾಕ್ಟೆಂಟ್ (ಸೋಪಿನಂಥದ್ದು) ಹಾಕಿಲ್ಲ. ಹಾಲಿನ ಹಾಗೆ ಚೆನ್ನಾಗಿ ಬಂತು. ಬೇರೆ ಕಾಲೇಜಿನಲ್ಲಿ ಡಿಎಲ್‌ಎಸ್ (ಬೆಳಕು ಚೆದುರುವುದನ್ನು ನೋಡಿ ಕಣದ ಗಾತ್ರ ಅಳೆಯುವುದು) ಮಾಡಿಸಿದಾಗ ಗಾತ್ರ 245 ನ್ಯಾನೋಮೀಟರ್, ಪಿಡಿಐ (ಗಾತ್ರದ ಏರುಪೇರಿನ ಅಳತೆ) 0.04 ಅಂತ ಬಂತು. 4 ಪರ್ಸೆಂಟ್ ವ್ಯತ್ಯಾಸ ಅಂದರೆ ಒಳ್ಳೇದೇ ಅಲ್ವಾ?

ಆಮೇಲೆ ಅದನ್ನು ಸುಮಾರು 1 ಪರ್ಸೆಂಟ್ ಆಗುವ ಹಾಗೆ ತೆಳು ಮಾಡಿದೆ. ಇದಕ್ಕೆ ಊರಿನ ಶುದ್ಧ ನೀರಿನ ಘಟಕದ ಕ್ಯಾನ್ ನೀರು ಬಳಸಿದ್ದು, ಡಿಸ್ಟಿಲ್ಡ್ ಖಾಲಿಯಾಗಿತ್ತು. ಸಣ್ಣ ಬೀಕರಿನಲ್ಲಿ ಸ್ಲೈಡನ್ನು ನೆಟ್ಟಗೆ ನಿಲ್ಲಿಸಿ 60 ಡಿಗ್ರಿ ಓವನ್‌ನಲ್ಲಿ ಇಟ್ಟೆ. ನೀರು ಪೂರ್ತಿ ಆರಿದ ಮೇಲೆ ನೋಡಿದರೆ ಸ್ಲೈಡಿನ ಮೇಲ್ಭಾಗದ ಅಂಚಿನಲ್ಲಿ ಮಾತ್ರ ತೆಳ್ಳಗೆ ಹಸಿರು ಹೊಳಪು ಇದೆ. ಕೆಳಗೆ ಬರುತ್ತಾ ಬರುತ್ತಾ ಅಡ್ಡಡ್ಡ ಬಿಳಿ ಪಟ್ಟೆ, ಅದರ ಕೆಳಗೆ ಬರೀ ಬಿಳಿ ಪುಡಿ. ಬೆರಳು ತಾಗಿದರೆ ಉದುರುತ್ತೆ. ಬಿರುಕೂ ಇದೆ.

ನನ್ನ ಪ್ರಶ್ನೆ: ಒಂದು, ಯಾಕೆ ಹೀಗಾಗುತ್ತಿದೆ? ಎರಡು, ಯಾರೂ ತಳ್ಳದೆ ಕಣಗಳು ತಾವೇ ಸಾಲಾಗಿ ಕೂರುವುದು ಹೇಗೆ? ಎಂಟ್ರೋಪಿ ಜಾಸ್ತಿ ಆಗಬೇಕು ಅಂತ ಓದಿದ್ದೇವೆ, ಇಲ್ಲಿ ನೋಡಿದರೆ ಅಸ್ತವ್ಯಸ್ತ ಇದ್ದದ್ದು ಸಾಲಾಗುತ್ತಿದೆ. ವೈವಾದಲ್ಲಿ ಇದನ್ನೇ ಕೇಳುತ್ತಾರೆ ಅಂತ ಗೊತ್ತು. ಮೂರು, ಪೇಪರ್‌ಗಳಲ್ಲಿ ಬ್ಲಾಕ್ ಕೋಪಾಲಿಮರ್ (ಬೇರೆ ಬೇರೆ ಪಾಲಿಮರ್ ತುಂಡು ಸೇರಿದ ಎಳೆ) ಮೈಸೆಲ್‌ಗಳು, ಅಂದರೆ ಅಂಥ ಎಳೆಗಳು ಒಟ್ಟುಗೂಡಿದ ಸಣ್ಣ ಗುಂಡುಗಳು, ಸೇರಿ ಸರಪಳಿ ಆಗುವುದು, ಗೊಂಚಲು ಆಗುವುದು ಎಲ್ಲ ಬರುತ್ತೆ. ಅದೂ ಇದೂ ಒಂದೇನಾ?

ನಂದಿ_ತಪ್ಪಲು

ಒಳ್ಳೇ ಪ್ರಶ್ನೆ. ನಮ್ಮೂರು ಚಿಕ್ಕಬಳ್ಳಾಪುರ, ಈಗ ಬೆಂಗಳೂರಿನಲ್ಲಿ ಪಾಲಿಮರ್ ಮೇಲೇ ಪಿಎಚ್‌ಡಿ ಮಾಡುತ್ತಿದ್ದೇನೆ. ಮೊದಲು ಎರಡನೇ ಪ್ರಶ್ನೆ ಹಿಡಿಯುತ್ತೇನೆ, ಯಾಕಂದ್ರೆ ಅದು ಕೈಗೆ ಸಿಕ್ಕಿದರೆ ಮೊದಲನೆಯದೂ ಅರ್ಧ ಬಿಡಿಸಿದ ಹಾಗೆ.

ತಳ್ಳುವವರು ಯಾರೂ ಇಲ್ಲ ಅಂತ ಅಂದುಕೊಳ್ಳಬೇಡಿ. ನೀರಿನ ಅಣುಗಳು ಎಲ್ಲ ಕಡೆಯಿಂದ ಬಿಡದೆ ತಳ್ಳುತ್ತಿರುತ್ತವೆ. 200 ನ್ಯಾನೋಮೀಟರ್ ಕಣ ಒಂದು ಸೆಕೆಂಡಿಗೆ ಹೆಚ್ಚೂಕಡಿಮೆ 2 ಮೈಕ್ರಾನ್ ದೂರ ಅಲೆದಾಡುತ್ತೆ, ಅಂದರೆ ತನ್ನ ಗಾತ್ರದ ಹತ್ತು ಪಟ್ಟು. ಅದೇ ಕಣ ಭಾರಕ್ಕೆ ಕೆಳಗೆ ಕೂರುವುದು ದಿನಕ್ಕೆ ಬರೀ 0.1 ಮಿಲಿಮೀಟರ್. ಪಾಲಿಸ್ಟೈರೀನಿನ ಸಾಂದ್ರತೆ 1.05, ನೀರಿಗಿಂತ ಒಂಚೂರು ಜಾಸ್ತಿ ಅಷ್ಟೇ. ಹಾಗಾಗಿ ಇಲ್ಲಿ ಗುರುತ್ವದ ಆಟ ಏನೂ ನಡೆಯಲ್ಲ. ಈ ಅಲೆದಾಟವೇ ಎಲ್ಲವನ್ನೂ ಮಾಡುವುದು.

ಈಗ ಎಂಟ್ರೋಪಿ. ಸೇರಿಗೆ ರಾಗಿ ಸುರಿದು ಒಂದೆರಡು ಸಲ ಕುಕ್ಕಿದರೆ ಇನ್ನೊಂದು ಹಿಡಿ ಹಿಡಿಸುತ್ತಲ್ಲ, ಯಾಕೆ? ಸುಮ್ನೆ ಸುರಿದಾಗ ಕಾಳುಗಳು ಒಂದಕ್ಕೊಂದು ಅಡ್ಡ ನಿಂತು ಜಾಗ ಹಾಳು ಮಾಡಿರುತ್ತವೆ. ಒಂದೇ ಗಾತ್ರದ ಗುಂಡುಗಳನ್ನು ಅಡ್ಡಾದಿಡ್ಡಿ ತುಂಬಿದರೆ ಜಾಗದ ಸುಮಾರು 64 ಪರ್ಸೆಂಟ್ ತುಂಬುತ್ತೆ. ಸಾಲಾಗಿ ಜೋಡಿಸಿದರೆ 74 ಪರ್ಸೆಂಟ್ ತುಂಬುತ್ತೆ. ಅಂದರೆ ಗುಂಪು ದಟ್ಟವಾಗುತ್ತಾ ಹೋದಾಗ, ಸಾಲಾಗಿ ನಿಂತರೇ ಪ್ರತಿ ಕಣಕ್ಕೂ ತನ್ನ ಸುತ್ತ ಅಲ್ಲಾಡಲು ಜಾಸ್ತಿ ಜಾಗ ಸಿಗುವುದು. ಅಲ್ಲಾಡುವ ಜಾಗ ಜಾಸ್ತಿ ಅಂದರೆ ಎಂಟ್ರೋಪಿ ಜಾಸ್ತಿ. ಕಣ್ಣಿಗೆ ಶಿಸ್ತು ಕಂಡರೂ ಲೆಕ್ಕದಲ್ಲಿ ಅದೇ ಹೆಚ್ಚು ಸ್ವತಂತ್ರ. ವೈವಾದಲ್ಲಿ ಇಷ್ಟು ಹೇಳಿದರೆ ಸಾಕು.

1957ರಲ್ಲಿ ಆಲ್ಡರ್ ಮತ್ತು ವೈನ್‌ರೈಟ್ ಇದನ್ನು ಕಂಪ್ಯೂಟರಿನಲ್ಲಿ ತೋರಿಸಿದರು. ಕಣಗಳ ಮಧ್ಯೆ ಯಾವ ಆಕರ್ಷಣೆಯೂ ಇಲ್ಲ, ಬರೀ ಒಂದರೊಳಗೆ ಒಂದು ನುಗ್ಗಬಾರದು ಅನ್ನೋ ಒಂದೇ ನಿಯಮ, ಆದರೂ ಹರಳು ಕಟ್ಟುತ್ತೆ. ಆಗ ಎಷ್ಟೋ ಜನ ನಂಬಲಿಲ್ಲ. ನಿಜವಾದ ಕಣಗಳಲ್ಲಿ ಅದನ್ನು ಚೆನ್ನಾಗಿ ತೋರಿಸಿದ್ದು 1986ರಲ್ಲಿ ಪ್ಯೂಸಿ ಮತ್ತು ವಾನ್ ಮೆಗೆನ್. ಅವರು ಬಳಸಿದ್ದೂ ಪಾಲಿಮರ್ ಗುಂಡುಗಳೇ, ಪಿಎಂಎಂಎ ಅನ್ನೋ ಪ್ಲಾಸ್ಟಿಕ್. ಲೆಕ್ಕದ ಪ್ರಕಾರ ಗುಂಡುಗಳು ದ್ರಾವಣದ 49.4 ಪರ್ಸೆಂಟ್ ಜಾಗ ತುಂಬಿದಾಗ ಹರಳು ಶುರುವಾಗುತ್ತೆ, 54.5 ದಾಟಿದರೆ ಪೂರ್ತಿ ಹರಳು.

ಇದರಲ್ಲಿ ಮುಖ್ಯವಾದ ಮಾತು ಒಂದಿದೆ. ಸೆಲ್ಫ್ ಅಸೆಂಬ್ಲಿ ಅಂದ ತಕ್ಷಣ ಕಣಗಳು ಒಂದಕ್ಕೊಂದು ಅಂಟಿಕೊಳ್ಳಬೇಕು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ತಾಗಿದ ಕೂಡಲೇ ಅಂಟಿದರೆ ಕೆಲಸ ಕೆಟ್ಟಿತು. ತಪ್ಪು ಜಾಗದಲ್ಲಿ ಕೂತ ಕಣ ಜಾರಿಕೊಂಡು ಸರಿಯಾದ ಜಾಗಕ್ಕೆ ಹೋಗುವಷ್ಟು ಹೊತ್ತು, ಅಷ್ಟು ಸಡಿಲ, ಎರಡೂ ಇರಬೇಕು. ನಿಮ್ಮ ಬಿಳಿ ಪುಡಿ ಅಂದರೆ ಅಂಟಿ ಕೂತ ಗಂಟುಗಳು. ಗಂಟುಗಳು ಎಲ್ಲ ಬಣ್ಣದ ಬೆಳಕನ್ನೂ ಒಂದೇ ಸಮ ಚೆದುರಿಸುತ್ತವೆ, ಹಾಗಾಗಿ ಬಿಳಿ.

ಇನ್ನು ಪಿಡಿಐ. 0.04 ಅಂದರೆ 4 ಪರ್ಸೆಂಟ್ ಅಲ್ಲ! ಗಾತ್ರದ ಏರುಪೇರನ್ನು ಸರಾಸರಿಯಿಂದ ಭಾಗಿಸಿ ಅದರ ವರ್ಗ ತೆಗೆದರೆ ಪಿಡಿಐ. 0.04ರ ವರ್ಗಮೂಲ 0.2, ಅಂದರೆ 20 ಪರ್ಸೆಂಟ್. ಆದರೆ ಇಷ್ಟು ಕೆಳಗಿನ ಸಂಖ್ಯೆಯನ್ನು ಡಿಎಲ್‌ಎಸ್ ಅಷ್ಟು ನಿಖರವಾಗಿ ಹೇಳಲಾರದು. ಎಸ್‌ಇಎಂ (ಎಲೆಕ್ಟ್ರಾನ್ ಮೈಕ್ರೋಸ್ಕೋಪ್) ಚಿತ್ರ ತೆಗೆಸಿ ಒಂದಿನ್ನೂರು ಕಣ ಅಳೆದು ನೋಡಿ. 5 ಪರ್ಸೆಂಟ್ ಒಳಗಿದ್ದರೆ ಚೆನ್ನ. 10 ದಾಟಿದರೆ ಹರಳು ಕಟ್ಟುವುದು ಬಹಳ ಕಷ್ಟ. ನನಗೆ ಅನುಮಾನ ಇರುವುದು ಇಲ್ಲೇ.

ಶೆಟ್ಟಿಹಳ್ಳಿ_ಗೇಟ್

ನಾನು ತುಮಕೂರು. ವಸಂತನರಸಾಪುರದ ಕಡೆ ಪೇಂಟ್ ಎಮಲ್ಷನ್ ಕೆಲಸದಲ್ಲಿ ತುಂಬಾ ವರ್ಷದಿಂದ ಇದ್ದೇನೆ, ದಿನಾ ನೋಡುವುದೇ ಈ ಹಾಲು. ನಂದಿ ಅವರು ಹೇಳಿದ ಫಿಸಿಕ್ಸ್ ಸರಿ, ಆದರೆ ಕೊನೇ ಅನುಮಾನ ನಾನು ಒಪ್ಪಲ್ಲ.

ಗಾತ್ರ ಕೆಟ್ಟಿದ್ದರೆ ಮೇಲಿನ ಅಂಚಿನಲ್ಲೂ ಹಸಿರು ಬರುತ್ತಿರಲಿಲ್ಲ. ಕಣಗಳು ಅವೇ, ಬೀಕರ್ ಅದೇ, ಗಾಜು ಅದೇ. ಮೇಲೆ ಬಂದ ಬಣ್ಣ ಕೆಳಗೆ ಯಾಕೆ ಹೋಯಿತು? ಮೇಲಿನ ಅಂಚು ಮೊದಲು ಒಣಗಿದ್ದು, ಕೆಳಗಿನದು ಕೊನೆಗೆ. ಈ ಮಧ್ಯೆ ಬೀಕರಿನಲ್ಲಿ ಬದಲಾಗಿದ್ದು ಏನು ಅಂತ ಯೋಚಿಸಿ. ನೀರು ಹೋಯಿತು, ಉಪ್ಪು ಉಳಿಯಿತು. ನಿಮ್ಮ ಕ್ಯಾನ್ ನೀರು!

ಪರ್ಸಲ್ಫೇಟಿನಿಂದ ಮಾಡಿದ ಕಣದ ಮೈಮೇಲೆ ಸಲ್ಫೇಟ್ ಗುಂಪುಗಳು ಇರುತ್ತವೆ. ಅದರಿಂದ ನೆಗೆಟಿವ್ ಚಾರ್ಜ್. ಎಲ್ಲವೂ ನೆಗೆಟಿವ್ ಆದ್ದರಿಂದ ಒಂದನ್ನೊಂದು ದೂರ ಇಡುತ್ತವೆ. ಹಾಲು ಹಾಲಾಗಿಯೇ ತಿಂಗಳುಗಟ್ಟಲೆ ಇರುವುದು ಈ ದೂರದಿಂದಲೇ, ನೀವು ಹರಳು ಕಟ್ಟಿಸಬೇಕು ಅಂದರೂ ಇದೇ ದೂರ ಬೇಕು. ನೀರಿನಲ್ಲಿ ಉಪ್ಪಿನ ಅಯಾನುಗಳು ಇದ್ದರೆ ಅವು ಆ ಚಾರ್ಜನ್ನು ಮುಚ್ಚಿಬಿಡುತ್ತವೆ. ಶುದ್ಧ ಡಿಅಯಾನೈಸ್ಡ್ ನೀರಿನಲ್ಲಿ ಆ ಚಾರ್ಜಿನ ಕೈ ನೂರಿನ್ನೂರು ನ್ಯಾನೋಮೀಟರ್‌ವರೆಗೂ ಚಾಚುತ್ತೆ. ಲೀಟರಿಗೆ 1 ಮಿಲಿಮೋಲ್ ಸಾದಾ ಉಪ್ಪು ಇದ್ದರೆ ಸುಮಾರು 10 ನ್ಯಾನೋಮೀಟರ್‌ಗೆ ಇಳಿಯುತ್ತೆ. 100 ಮಿಲಿಮೋಲ್ ಆದರೆ 1 ನ್ಯಾನೋಮೀಟರ್. ಅಷ್ಟು ಹತ್ತಿರ ಬಂದ ಮೇಲೆ ವಾನ್ ಡರ್ ವಾಲ್ಸ್ ಸೆಳೆತ ಗೆಲ್ಲುತ್ತೆ. ತಾಗಿದ್ದು ತಾಗಿದ ಹಾಗೇ ಅಂಟಿಕೊಳ್ಳುತ್ತೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಇನ್ನೂ ಕೆಟ್ಟವು, ಎರಡು ಚಾರ್ಜ್ ಇರುವುದರಿಂದ ಸೋಡಿಯಂಗಿಂತ ಎಷ್ಟೋ ಕಡಿಮೆ ಪ್ರಮಾಣದಲ್ಲೇ ಹಾಲು ಒಡೆಸುತ್ತವೆ. ಕೋಲಾರದ ಬೋರ್‌ವೆಲ್ ನೀರಿನ ಗಡಸುತನ ನಿಮಗೆ ನಾನು ಹೇಳಬೇಕಾಗಿಲ್ಲ.

ಕ್ಯಾನ್ ನೀರು ಆರ್‌ಒ ಆಗಿದ್ದರೂ ಅದು ಕುಡಿಯುವ ನೀರು. ಅದರಲ್ಲಿ ಲವಣ ಉಳಿದೇ ಇರುತ್ತೆ, ಕುಡಿಯಲು ಇರಲೂ ಬೇಕು. ಮೊದಲಿಗೆ ಅಷ್ಟರಿಂದ ಏನೂ ಆಗಲ್ಲ, ಹಾಲು ಚೆನ್ನಾಗಿಯೇ ಕಾಣುತ್ತೆ. ಆದರೆ ಬೀಕರಿನ ನೀರು ಹತ್ತನೇ ಒಂದು ಪಾಲಿಗೆ ಇಳಿದಾಗ ಉಪ್ಪು ಹತ್ತು ಪಟ್ಟು ಆಗಿರುತ್ತೆ. ಸ್ಲೈಡಿನ ಮೇಲೆ ಕಣಗಳ ಸಂದಿಯಲ್ಲಿ ಉಳಿದ ಕೊನೇ ಹನಿಯಲ್ಲಂತೂ ಇನ್ನೂ ಎಷ್ಟೋ ಪಟ್ಟು. ಕಣಗಳು ಸಾಲು ಹುಡುಕುವ ಹೊತ್ತಿಗೆ ಸರಿಯಾಗಿ ಅಂಟು ಶುರು ಆಗಿಬಿಡುತ್ತೆ.

ಇನ್ನೊಂದು ವಿಷಯ, ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಪರ್ಸಲ್ಫೇಟ್ ಎಲ್ಲವೂ ಕಣದ ಮೇಲೆ ಹೋಗಿ ಕೂರಲ್ಲ. ಬಹುಪಾಲು ಒಡೆದು ನೀರಿನಲ್ಲಿ ಪೊಟ್ಯಾಸಿಯಂ ಸಲ್ಫೇಟ್, ಬೈಸಲ್ಫೇಟ್ ಆಗಿ ಉಳಿಯುತ್ತೆ. ಪಿಎಚ್ ನೋಡಿ, ಇಳಿದಿರುತ್ತೆ. ಹಾಗಾಗಿ ತೆಳು ಮಾಡಲು ಡಿಸ್ಟಿಲ್ಡ್ ವಾಟರ್ ಬಳಸಿದರೂ ಡಯಾಲಿಸಿಸ್ (ಸಣ್ಣ ತೂತಿನ ಟ್ಯೂಬಿನಲ್ಲಿ ತುಂಬಿ ಶುದ್ಧ ನೀರಿನಲ್ಲಿ ಇಟ್ಟು ಉಪ್ಪು ತೆಗೆಯುವುದು) ಮಾಡದೆ ವಿಧಿಯಿಲ್ಲ.

ನಂದಿ ಹೇಳಿದ್ದು ಸರಿಯೋ ನಾನು ಹೇಳಿದ್ದು ಸರಿಯೋ ಅಂತ ನೋಡಲು ಎಸ್‌ಇಎಂವರೆಗೂ ಹೋಗಬೇಕಾಗಿಲ್ಲ. ಮೂಲ ಹಾಲಿನ ಸ್ವಲ್ಪ ಭಾಗವನ್ನು ಡಯಾಲಿಸಿಸ್ ಮಾಡಿ. ಒಂದೇ ಸ್ಲೈಡಿನ ಮೇಲೆ ಪಕ್ಕಪಕ್ಕ ಒಂದೊಂದು ತೊಟ್ಟು ಹಾಕಿ, ಒಂದು ಹಾಗೇ ಇದ್ದದ್ದು, ಒಂದು ಡಯಾಲಿಸಿಸ್ ಆದದ್ದು. ಮೇಲೆ ಪೆಟ್ರಿ ಡಿಶ್ ಮುಚ್ಚಿ ನಿಧಾನಕ್ಕೆ ಒಣಗಲು ಬಿಡಿ. ಎರಡನೇ ತೊಟ್ಟಿನಲ್ಲಿ ಬಣ್ಣ ಬಂದರೆ ಉಪ್ಪಿನದೇ ಕೆಲಸ. ಎರಡೂ ಬಿಳಿ ಆದರೆ ಗಾತ್ರದ ಸಮಸ್ಯೆ.

ಹಾಂ, ನೋಡುವಾಗ ಸ್ಲೈಡಿನ ಹಿಂದೆ ಕಪ್ಪು ಕಾಗದ ಇಡಿ. ಬಿಳಿ ಟೇಬಲ್ ಮೇಲೆ ಇಟ್ಟು ನೋಡಿದರೆ ಹಿಂದಿನಿಂದ ಬರುವ ಬೆಳಕಿನಲ್ಲಿ ಇರುವ ಬಣ್ಣವೂ ಮುಚ್ಚಿಹೋಗುತ್ತೆ.

ಅಂತರಗಂಗೆ_22

ಇಬ್ಬರಿಗೂ ತುಂಬಾ ಧನ್ಯವಾದ. ಪಿಎಚ್ ಈಗಲೇ ನೋಡಿದೆ, 3ರ ಹತ್ತಿರ ಇದೆ. ಕಪ್ಪು ಕಾಗದ ಇಟ್ಟರೆ ಮೇಲಿನ ಪಟ್ಟಿ ನಾನು ಅಂದುಕೊಂಡದ್ದಕ್ಕಿಂತ ಅಗಲ ಇದೆ! ಓರೆಯಾಗಿ ನೋಡಿದರೆ ಹಸಿರು ಹೋಗಿ ನೀಲಿ ಕಡೆ ತಿರುಗುತ್ತೆ.

ಅಡ್ಡ ಪಟ್ಟೆ ಮತ್ತು ಬಿರುಕು ಕೂಡ ಉಪ್ಪಿನಿಂದಲೇನಾ? ಮತ್ತೆ ಈ ಗಾತ್ರಕ್ಕೆ ಹಸಿರೇ ಬರಬೇಕಾ ಅಂತ ಲೆಕ್ಕ ಹಾಕುವುದು ಹೇಗೆ?

ನಂದಿ_ತಪ್ಪಲು

ಓರೆಯಾಗಿ ನೋಡಿದಾಗ ಬಣ್ಣ ನೀಲಿ ಕಡೆ ಸರಿಯುತ್ತಿದ್ದರೆ ಅಲ್ಲಿ ನಿಜವಾಗಿಯೂ ಹರಳು ಕಟ್ಟಿದೆ. ಹಾಗಿದ್ದರೆ ಶೆಟ್ಟಿಹಳ್ಳಿ ಸರ್ ಹೇಳಿದ ಕಾರಣವೇ ಹೆಚ್ಚು ಸರಿ ಕಾಣುತ್ತೆ. ಎಸ್‌ಇಎಂ ಹೇಗಿದ್ದರೂ ಪ್ರಾಜೆಕ್ಟ್ ರಿಪೋರ್ಟ್‌ಗೆ ಬೇಕಾಗುತ್ತೆ. ಬೆಂಗಳೂರಿನ ಐಐಎಸ್ಸಿಯ ನ್ಯಾನೋ ಕೇಂದ್ರದಲ್ಲಿ ಹೊರಗಿನ ಕಾಲೇಜಿನವರಿಗೂ ಸ್ಲಾಟ್ ಕೊಡುತ್ತಾರೆ, ನಿಮ್ಮ ಗೈಡ್ ಮೂಲಕ ವಿಚಾರಿಸಿ.

ಲೆಕ್ಕ ಸುಲಭ, ಬ್ರ್ಯಾಗ್ ನಿಯಮವೇ (ಸಾಲು ಪದರಗಳು ಯಾವ ತರಂಗಾಂತರದ ಬೆಳಕನ್ನು ಹಿಂದಕ್ಕೆ ಕಳಿಸುತ್ತವೆ ಅನ್ನೋದು). ಪದರದಿಂದ ಪದರಕ್ಕೆ ಇರುವ ದೂರ ಕಣದ ವ್ಯಾಸದ 0.816 ಪಟ್ಟು. ಪಾಲಿಸ್ಟೈರೀನಿನ ವಕ್ರೀಭವನ ಸೂಚ್ಯಂಕ 1.59. 74 ಪರ್ಸೆಂಟ್ ಅದು, 26 ಪರ್ಸೆಂಟ್ ಗಾಳಿ ಅಂತ ಸರಾಸರಿ ತೆಗೆದರೆ ಸುಮಾರು 1.46 ಬರುತ್ತೆ. ನೇರವಾಗಿ ನೋಡಿದಾಗ ಕಾಣುವ ಬಣ್ಣದ ತರಂಗಾಂತರ ಅಂದರೆ 2 ಗುಣಿಸು 0.816 ಗುಣಿಸು ವ್ಯಾಸ ಗುಣಿಸು 1.46. 190 ನ್ಯಾನೋಮೀಟರ್ ಕಣಕ್ಕೆ 450ರ ಹತ್ತಿರ ಬರುತ್ತೆ, ನೀಲಿ. 220ಕ್ಕೆ 525, ಹಸಿರು. 270ಕ್ಕೆ 640, ಕೆಂಪು. ಡಿಎಲ್‌ಎಸ್ ಅಳೆಯುವುದು ನೀರಿನಲ್ಲಿ ಓಡಾಡುವ ಕಣವನ್ನು, ಹಾಗಾಗಿ ಒಣಗಿದ ಕಣಕ್ಕಿಂತ ಅದು ಸ್ವಲ್ಪ ಜಾಸ್ತಿಯೇ ತೋರಿಸುತ್ತೆ. ನಿಮ್ಮ 245 ಅಂದರೆ ಎಸ್‌ಇಎಂನಲ್ಲಿ 220, 230 ಬರಬಹುದು. ನಿಮ್ಮ ಹಸಿರಿಗೆ ಸರಿಹೋಗುತ್ತೆ.

ಅಂದಹಾಗೆ ಓಪಲ್ ಕಲ್ಲಿನ ಒಳಗೂ ಇದೇ ಕಥೆ. 1964ರಲ್ಲಿ ಸ್ಯಾಂಡರ್ಸ್ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ಒಳಗೆ ಒಂದೇ ಗಾತ್ರದ ಸಿಲಿಕಾ ಗುಂಡುಗಳು ಸಾಲು ಸಾಲಾಗಿ ಕೂತಿದ್ದವು.

ಶೆಟ್ಟಿಹಳ್ಳಿ_ಗೇಟ್

ಅಡ್ಡ ಪಟ್ಟೆ ಬೇರೆ ವಿಷಯ, ಉಪ್ಪಿನದಲ್ಲ. ಗಾಜಿಗೆ ನೀರು ತಾಗುವ ಗೆರೆ ಇದೆಯಲ್ಲ, ಅಲ್ಲಿ ನೀರು ಬೇಗ ಆರುತ್ತೆ. ಆರಿದ್ದನ್ನು ತುಂಬಲು ಹಿಂದಿನಿಂದ ನೀರು ಬರುತ್ತೆ, ಜೊತೆಗೆ ಕಣಗಳನ್ನೂ ಎಳೆದು ತರುತ್ತೆ. ಈ ಹರಿವೇ ನಿಮ್ಮ ಫಿಲ್ಮ್ ಕಟ್ಟುವುದು. ಆ ಗೆರೆ ಒಂದೇ ಸಮ ಇಳಿಯುತ್ತಾ ಹೋದರೆ ಫಿಲ್ಮ್ ಸಮ ಬರುತ್ತೆ. ಗಾಜು ಸರಿಯಾಗಿ ತೊಳೆದಿಲ್ಲದಿದ್ದರೆ, ಓವನ್ ಫ್ಯಾನ್ ಅಲ್ಲಾಡಿಸುತ್ತಿದ್ದರೆ, ಕರೆಂಟ್ ಹೋಗಿ ಬಂದು ಬಿಸಿ ಏರಿಳಿದರೆ, ಗೆರೆ ಒಂದು ಕಡೆ ಹಿಡಿದು ನಿಂತು ಆಮೇಲೆ ಜಾರಿ ಕೆಳಗೆ ಬೀಳುತ್ತೆ. ನಿಂತಲ್ಲಿ ದಪ್ಪ ಪಟ್ಟೆ, ಜಾರಿದಲ್ಲಿ ಖಾಲಿ. ಫ್ಯಾನ್ ಇಲ್ಲದ ಓವನ್ ಸಿಕ್ಕರೆ ಅದರಲ್ಲಿ ಇಡಿ. ಬೀಕರ್ ಮೇಲೆ ಇನ್ನೊಂದು ದೊಡ್ಡ ಬೀಕರ್ ಬೋರಲು ಹಾಕಿ, ಕೆಳಗೆ ಸ್ವಲ್ಪ ಸಂದಿ ಬಿಡಿ. ಈಗ ಏಪ್ರಿಲ್ ಬಿಸಿಲಿಗೆ ನಮ್ಮ ಕಡೆ ಗಾಳಿ ಎಷ್ಟು ಒಣ ಅಂದರೆ ರೂಮಿನಲ್ಲಿ ಇಟ್ಟರೂ ಬೇಡದಷ್ಟು ಬೇಗ ಆರುತ್ತೆ.

ಬಿರುಕು ಪೂರ್ತಿ ತಪ್ಪಿಸುವುದು ಕಷ್ಟ. ಒಣಗುವಾಗ ಫಿಲ್ಮ್ ಕುಗ್ಗುತ್ತೆ, ಗಾಜು ಕುಗ್ಗಲ್ಲ, ಎಲ್ಲೋ ಒಂದು ಕಡೆ ಹರಿಯಲೇಬೇಕು. ತೆಳು ಫಿಲ್ಮ್‌ಗೆ ಕಡಿಮೆ, ದಪ್ಪಕ್ಕೆ ಜಾಸ್ತಿ. 1 ಪರ್ಸೆಂಟ್ ಬದಲು 0.3ರ ಆಸುಪಾಸಿನಲ್ಲಿ ಮಾಡಿ ನೋಡಿ.

ಓವನ್ ಬಗ್ಗೆ ಒಂದು ಎಚ್ಚರಿಕೆ. ಪಾಲಿಸ್ಟೈರೀನ್ ಮೆತ್ತಗಾಗುವುದು 100 ಡಿಗ್ರಿ ಹತ್ತಿರ. 60ರಲ್ಲಿ ಗುಂಡು ಗುಂಡಾಗಿಯೇ ಇರುತ್ತೆ. ಥರ್ಮೋಸ್ಟಾಟ್ ಕೈಕೊಟ್ಟು 100 ದಾಟಿತೋ, ಗುಂಡುಗಳು ಕರಗಿ ಒಂದರೊಳಗೊಂದು ಸೇರಿ ಸಂದಿಗಳು ಮುಚ್ಚಿಕೊಂಡು ಸಾದಾ ಪ್ಲಾಸ್ಟಿಕ್ ಹಾಳೆ ಆಗುತ್ತೆ, ಬಣ್ಣ ಮಾಯ. ಗೋಡೆಗೆ ಹಚ್ಚುವ ಎಮಲ್ಷನ್ ಪೇಂಟಿನಲ್ಲಿ ನಾವು ಬೇಕೆಂದೇ ಮಾಡುವುದು ಇದನ್ನೇ. ಅಕ್ರಿಲಿಕ್ ಕಣ ರೂಮಿನ ಬಿಸಿಯಲ್ಲೇ ಮೆತ್ತಗೆ ಇರುವ ಹಾಗೆ ಮಾಡಿರುತ್ತೇವೆ. ನೀರು ಆರುತ್ತಿದ್ದ ಹಾಗೆ ಗುಂಡುಗಳು ಒತ್ತಿಕೊಂಡು ಮೂಲೆಮೂಲೆಯಾಗಿ ಚಪ್ಪಟೆಯಾಗುತ್ತವೆ. ಆಮೇಲೆ ಒಂದರ ಪಾಲಿಮರ್ ಎಳೆಗಳು ಪಕ್ಕದ್ದರೊಳಗೆ ನುಗ್ಗಿ ಹೆಣೆದುಕೊಳ್ಳುತ್ತವೆ. ಅದಕ್ಕೇ ಒಂದು ಸಲ ಒಣಗಿದ ಪೇಂಟ್ ಮತ್ತೆ ನೀರಿಗೆ ಬಿಡಲ್ಲ. ಶುರು ಒಂದೇ, ಕೊನೆ ಬೇರೆ.

ಶಿಡ್ಲಘಟ್ಟ_ಗೂಡು

ನಾನು ಕೆಮಿಸ್ಟ್ರಿಯವನಲ್ಲ, ಬಯೋಟೆಕ್. ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತೇವೆ. ವಿಷಯ ಇಷ್ಟು ಹತ್ತಿರ ಬಂದ ಮೇಲೆ ಸುಮ್ಮನಿರಲು ಆಗಲಿಲ್ಲ.

ಪಾಲಿಮರ್ ಕಣಗಳು ಸೇರಿ ದೊಡ್ಡ ವಸ್ತು ಆಗುವುದಕ್ಕೆ ನಮ್ಮ ಜಿಲ್ಲೆಯಲ್ಲೇ ದಿನಾ ನಡೆಯುವ ಉದಾಹರಣೆ ರೇಷ್ಮೆ. ಹುಳುವಿನ ಗ್ರಂಥಿಯೊಳಗೆ ಫೈಬ್ರೋಯಿನ್ ಪ್ರೋಟೀನ್ ನೀರಿನಲ್ಲಿ 25 ಪರ್ಸೆಂಟ್‌ಗೂ ಹೆಚ್ಚು ಇರುತ್ತೆ. ಅಷ್ಟು ದಟ್ಟ ಇದ್ದರೂ ಗಡ್ಡೆ ಕಟ್ಟಲ್ಲ. ಫೈಬ್ರೋಯಿನ್ ಎಳೆಯಲ್ಲಿ ಗ್ಲೈಸೀನ್, ಅಲನೈನ್ ಮತ್ತೆ ಮತ್ತೆ ಬರುವ ಉದ್ದನೆಯ ಭಾಗಗಳಿಗೆ ನೀರು ಆಗಲ್ಲ. ಎರಡು ತುದಿಗಳಿಗೆ, ಮಧ್ಯೆ ಮಧ್ಯೆ ಇರುವ ಚಿಕ್ಕ ಭಾಗಗಳಿಗೆ ನೀರು ಬೇಕು. ಹಾಗಾಗಿ ಎಳೆಗಳು ಮಡಚಿಕೊಂಡು ಮೈಸೆಲ್ ಆಗುತ್ತವೆ, ಮೈಸೆಲ್‌ಗಳು ಸೇರಿ ದೊಡ್ಡ ಗುಂಡುಗಳಾಗುತ್ತವೆ, ಕೊನೆಗೆ ಹುಳು ತಲೆ ಆಡಿಸಿ ಎಳೆಯುವಾಗ ಆ ಗುಂಡುಗಳು ಉದ್ದಕ್ಕೆ ಜಗ್ಗಿ ನೂಲಾಗುತ್ತವೆ ಅಂತ 2003ರಲ್ಲಿ ಜಿನ್ ಮತ್ತು ಕಪ್ಲಾನ್ ತೋರಿಸಿದರು. ಗ್ರಂಥಿಯ ಉದ್ದಕ್ಕೂ ಪಿಎಚ್ ನಿಧಾನಕ್ಕೆ ಇಳಿಯುತ್ತಾ ಬರುತ್ತೆ, ಅದೂ ಇದಕ್ಕೆ ಸಹಾಯ ಮಾಡುತ್ತೆ. ನಂದಿ ಅವರು ಹೇಳಿದ ಮಾತು ಇಲ್ಲೂ ಅದೇ. ನೂಲಾಗುವ ಕೊನೇ ಗಳಿಗೆಯವರೆಗೂ ಅಂಟಬಾರದು. ಹಣ್ಣಾದ ಹುಳುವನ್ನು ಚಂದ್ರಿಕೆಗೆ (ಗೂಡು ಕಟ್ಟಲು ಬಿಡುವ ತಟ್ಟೆಗೆ) ಬಿಟ್ಟ ಮೇಲೆ ಅದರ ತಲೆಯನ್ನೇ ನೋಡುತ್ತಾ ಕೂತರೆ ಎಂಟರ ಆಕಾರದಲ್ಲಿ ಆಡಿಸುತ್ತಾ ಇರುತ್ತೆ. ಅದು ಸುಮ್ನೆ ಅಲ್ಲ, ಆ ಎಳೆತದಲ್ಲೇ ಕಣ ನೂಲಾಗುವುದು.

ಅಂತರಗಂಗೆ ಅವರೇ, ಪಾಲಿಸ್ಟೈರೀನ್ ಕೆಲಸ ಮುಗಿದ ಮೇಲೆ ಇದನ್ನೂ ಮಾಡಬಹುದು. ತೂತಾದ ಗೂಡುಗಳು ಬಿಚ್ಚಾಣಿಕೆಗೆ (ನೂಲು ತೆಗೆಯಲು) ಬರಲ್ಲ, ನಮ್ಮ ಕಡೆ ಅಗ್ಗಕ್ಕೆ ಸಿಗುತ್ತವೆ. 0.02 ಮೋಲಾರ್ ಸೋಡಿಯಂ ಕಾರ್ಬೋನೇಟಿನಲ್ಲಿ ಅರ್ಧ ಗಂಟೆ ಕುದಿಸಿದರೆ ಮೇಲಿನ ಅಂಟು, ಅಂದರೆ ಸೆರಿಸಿನ್, ಹೋಗುತ್ತೆ. ಉಳಿದ ನಾರನ್ನು ಕರಗಿಸಲು ಲಿಥಿಯಂ ಬ್ರೋಮೈಡ್ ಬಳಸುತ್ತಾರೆ, ಅದು ದುಬಾರಿ. ಕ್ಯಾಲ್ಸಿಯಂ ಕ್ಲೋರೈಡ್, ಎಥೆನಾಲ್, ನೀರು ಮೋಲ್ ಲೆಕ್ಕದಲ್ಲಿ 1ಕ್ಕೆ 2ಕ್ಕೆ 8 ಬೆರೆಸಿ ಬಿಸಿ ಮಾಡಿದರೂ ಕರಗುತ್ತೆ. ಡಯಾಲಿಸಿಸ್ ಮಾಡಿ, ಆ ದ್ರಾವಣವನ್ನು ಅಸಿಟೋನಿಗೆ ತೊಟ್ಟು ತೊಟ್ಟಾಗಿ ಬಿಟ್ಟರೆ ರೇಷ್ಮೆ ನ್ಯಾನೋಕಣ ಬೀಳುತ್ತವೆ.

ನಿಮ್ಮ ಓಪಲ್‌ಗೂ ಇದಕ್ಕೂ ನೇರ ನಂಟು ಇದೆ. 2012ರಲ್ಲಿ ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದವರು ಪಾಲಿಮರ್ ಗುಂಡುಗಳ ಓಪಲ್ ಮೇಲೆ ರೇಷ್ಮೆ ದ್ರಾವಣ ಸುರಿದು ಒಣಗಿಸಿ, ಆಮೇಲೆ ಗುಂಡುಗಳನ್ನು ಮಾತ್ರ ಕರಗಿಸಿ ತೆಗೆದರು. ಉಳಿದದ್ದು ಬರೀ ಗೂಡುಗೂಡಿನ ರೇಷ್ಮೆ, ಅದೂ ಬಣ್ಣ ಕೊಡುತ್ತೆ. ಇಲ್ಲಿ ಶಿಡ್ಲಘಟ್ಟದ ಗೂಡಿನಲ್ಲಿ ಯಾರಾದರೂ ಮಾಡಿದರೆ ನನಗೆ ತುಂಬಾ ಸಂತೋಷ, ಗೂಡು ನಾನೇ ಕಳಿಸುತ್ತೇನೆ.

ನಂದಿ_ತಪ್ಪಲು

ಇದು ಬಹಳ ಒಳ್ಳೇ ಸಲಹೆ. ಫೈಬ್ರೋಯಿನ್ ಬಗ್ಗೆ ಬಂದದ್ದೂ ಒಳ್ಳೇದಾಯಿತು, ಮೂರನೇ ಪ್ರಶ್ನೆಗೆ ಅದೇ ದಾರಿ.

ನಿಮ್ಮ ಪಾಲಿಸ್ಟೈರೀನ್ ಗುಂಡಿಗೆ ಎಲ್ಲ ದಿಕ್ಕೂ ಒಂದೇ. ಹಾಗಾಗಿ ಅದು ಕೊಡಬಲ್ಲದ್ದು ದಟ್ಟವಾದ ಹರಳು, ಅಷ್ಟೇ. ಸರಪಳಿ ಬೇಕು, ಉಂಗುರ ಬೇಕು ಅಂದರೆ ಕಣಕ್ಕೆ ದಿಕ್ಕು ಇರಬೇಕು, ಇಲ್ಲಿ ಅಂಟು ಅಲ್ಲಿ ಬೇಡ ಅನ್ನೋ ಹಾಗೆ. ಬ್ಲಾಕ್ ಕೋಪಾಲಿಮರ್ ಅದನ್ನು ಕೊಡುತ್ತೆ. ಒಂದೇ ಎಳೆಯಲ್ಲಿ ಎರಡು ಅಥವಾ ಮೂರು ಬೇರೆ ಬೇರೆ ಪಾಲಿಮರ್ ತುಂಡು, ಒಂದಕ್ಕೊಂದು ಆಗಿಬರಲ್ಲ, ಆದರೆ ಬಾಂಡ್ ಇರುವುದರಿಂದ ಬಿಟ್ಟು ಹೋಗುವಂತೆಯೂ ಇಲ್ಲ. ಕೆನಡಾದ ಐಸೆನ್‌ಬರ್ಗ್ 1995ರಲ್ಲಿ ಪಾಲಿಸ್ಟೈರೀನ್ ಮತ್ತು ಪಾಲಿಅಕ್ರಿಲಿಕ್ ಆಸಿಡ್ ಜೋಡಿಯ ತುಂಡುಗಳ ಉದ್ದ ಬದಲಿಸುತ್ತಾ ಹೋದರು. ಅದರಿಂದಲೇ ಗುಂಡು, ಕಡ್ಡಿ, ಟೊಳ್ಳು ಚೀಲ ಎಲ್ಲ ಬಂದವು.

ಅದರ ಮುಂದಿನ ಹೆಜ್ಜೆ ಆ ಗುಂಡುಗಳೇ ಸೇರಿ ದೊಡ್ಡದಾಗುವುದು. ಜರ್ಮನಿಯ ಬೈರಾಯ್ಟ್‌ನಲ್ಲಿ ಗ್ರೋಶೆಲ್, ವಾಲ್ಟರ್, ಮ್ಯುಲರ್ ಮತ್ತು ಜೊತೆಯವರು ಮೂರು ತುಂಡಿನ ಪಾಲಿಮರ್ ತಗೊಂಡು 2012, 2013ರಲ್ಲಿ ಇದನ್ನು ತುಂಬಾ ಅಚ್ಚುಕಟ್ಟಾಗಿ ಮಾಡಿದರು. ಮೊದಲು ಮಧ್ಯದ ತುಂಡಿಗೆ ಆಗದ ದ್ರಾವಕದಲ್ಲಿ ಹಾಕಿದರು, ಅದು ಒಳಗೆ ಸೇರಿ ಗುಂಡಾಯಿತು, ಉಳಿದೆರಡು ಹೊರಗೆ ಕೂದಲಿನಂತೆ ನಿಂತವು. ಆಮೇಲೆ ನಿಧಾನಕ್ಕೆ ದ್ರಾವಕ ಬದಲಿಸಿ ಹೊರಗಿನ ಎರಡರಲ್ಲಿ ಒಂದಕ್ಕೂ ಅದು ಆಗದ ಹಾಗೆ ಮಾಡಿದರು. ಆಗ ಗುಂಡಿನ ಮೇಲೆ ಅಂಟಿನ ಪಟ್ಟಿಗಳು ಮೂಡಿದವು, ಆ ಪಟ್ಟಿಯಿಂದ ಪಟ್ಟಿಗೆ ಕಣಗಳು ಸೇರಿಕೊಂಡವು. ತುಂಡುಗಳ ಅನುಪಾತ ಬದಲಿಸಿದರೆ ಒಂದು ಕಡೆ ಚೆಂಡಿನಂಥ ಗೊಂಚಲು, ಇನ್ನೊಂದು ಕಡೆ ಉದ್ದನೆಯ ಸರಪಳಿ. ನನಗೆ ಈ ಕೆಲಸ ಎಷ್ಟು ಹಿಡಿಸಿತು ಅಂದರೆ ಈ ಕ್ಷೇತ್ರಕ್ಕೆ ಬಂದಿದ್ದೇ ಅದನ್ನು ಓದಿ. ಇದರ ಹಾಗೇ ಮ್ಯಾನರ್ಸ್ ಮತ್ತು ವಿನಿಕ್ 2007ರಲ್ಲಿ ತೋರಿಸಿದ್ದನ್ನೂ ಓದಿ. ಒಳಗಿನ ತುಂಡು ಹರಳು ಕಟ್ಟುವ ಪಾಲಿಮರ್ ಆಗಿದ್ದರೆ ಕಡ್ಡಿಯ ತುದಿಗೆ ಮಾತ್ರ ಹೊಸ ಎಳೆಗಳು ಬಂದು ಕೂರುತ್ತವೆ. ಎಷ್ಟು ಹಾಕಿದರೋ ಅಷ್ಟು ಉದ್ದ.

ನಿಮ್ಮ ಲ್ಯಾಬಿನಲ್ಲಿ ಮೂರು ತುಂಡಿನ ಪಾಲಿಮರ್ ಮಾಡುವುದು ಕಷ್ಟ, ಅದಕ್ಕೆ ಗಾಳಿ, ತೇವ ಒಂಚೂರೂ ಸೋಕದ ಹಾಗೆ ಪಾಲಿಮರೀಕರಣ ಮಾಡಬೇಕು. ಆದರೆ ರಿಪೋರ್ಟಿನಲ್ಲಿ ಒಂದು ಪುಟ ಬರೆಯಿರಿ. ಎಲ್ಲ ದಿಕ್ಕೂ ಒಂದೇ ಆದ ಕಣ ಎಲ್ಲಿಗೆ ನಿಲ್ಲುತ್ತೆ, ಪಟ್ಟಿ ಇರುವ ಕಣ ಎಲ್ಲಿಗೆ ಹೋಗುತ್ತೆ ಅಂತ.

ಅಂತರಗಂಗೆ_22

ಇಷ್ಟೆಲ್ಲ ಯಾರೂ ಕೂತು ಹೇಳಿರಲಿಲ್ಲ. ಡಿಸ್ಟಿಲ್ಡ್ ವಾಟರ್ ತರಿಸಿದ್ದೇನೆ. ಶಿಡ್ಲಘಟ್ಟ ಅಣ್ಣ, ಗೂಡಿನ ಬಗ್ಗೆ ಖಂಡಿತ ಮೆಸೇಜ್ ಮಾಡುತ್ತೇನೆ. ಶೆಟ್ಟಿಹಳ್ಳಿ ಸರ್, ಡಯಾಲಿಸಿಸ್ ಟ್ಯೂಬ್ ಯಾವುದು ತಗೋಬೇಕು? ಎಷ್ಟು ಹೊತ್ತು ಬಿಡಬೇಕು? ಸೆಂಟ್ರಿಫ್ಯೂಜ್ ಇದೆ, ಅದರಲ್ಲಿ ತಿರುಗಿಸಿ ತೊಳೆದರೆ ಆಗಲ್ವಾ?

ಶೆಟ್ಟಿಹಳ್ಳಿ_ಗೇಟ್

ಸೆಂಟ್ರಿಫ್ಯೂಜ್ ಆಗುತ್ತೆ, ಆದರೆ ತಳದಲ್ಲಿ ಒತ್ತಿ ಕೂತ ಕಣಗಳನ್ನು ಮತ್ತೆ ಬಿಡಿಸುವುದು ಕಷ್ಟ. ಸೋನಿಕೇಟರ್ ಇಟ್ಟರೂ ಕೆಲವು ಗಂಟು ಉಳಿದುಬಿಡುತ್ತವೆ, ಆ ಗಂಟು ಒಂದೊಂದೂ ಫಿಲ್ಮ್‌ನಲ್ಲಿ ಒಂದೊಂದು ಕಲೆ. ಡಯಾಲಿಸಿಸ್ ನಿಧಾನ ಆದರೂ ಅದೇ ವಾಸಿ.

12ರಿಂದ 14 ಕಿಲೋಡಾಲ್ಟನ್ ಸೆಲ್ಯುಲೋಸ್ ಟ್ಯೂಬ್ ಸಾಕು, ನಿಮ್ಮ ಕಣ ಅದರ ತೂತಿಗಿಂತ ಎಷ್ಟೋ ದೊಡ್ಡದು. ಬಳಸುವ ಮುಂಚೆ ಸ್ವಲ್ಪ ಸೋಡಿಯಂ ಬೈಕಾರ್ಬೋನೇಟ್ ಮತ್ತು ಇಡಿಟಿಎ ಹಾಕಿದ ನೀರಿನಲ್ಲಿ ಕುದಿಸಿ, ಆಮೇಲೆ ಡಿಸ್ಟಿಲ್ಡ್‌ನಲ್ಲಿ ಚೆನ್ನಾಗಿ ತೊಳೆಯಿರಿ. ಒದ್ದೆ ಆದ ಟ್ಯೂಬನ್ನು ಮತ್ತೆ ಒಣಗಲು ಬಿಡಬೇಡಿ, ಸೀಳುತ್ತೆ. ತುಂಬುವಾಗ ಮೇಲೆ ಒಂದಿಷ್ಟು ಖಾಲಿ ಬಿಡಿ, ನೀರು ಒಳಗೆ ಬಂದು ಉಬ್ಬುತ್ತೆ. ಹೊರಗಿನ ನೀರನ್ನು ಬೆಳಿಗ್ಗೆ ಸಂಜೆ ಬದಲಿಸಿ.

ಎಷ್ಟು ದಿನ ಅಂತ ಗಡಿಯಾರ ನೋಡಬೇಡಿ, ಕಂಡಕ್ಟಿವಿಟಿ ಮೀಟರ್ ನೋಡಿ. ಬದಲಿಸಿದ ಹೊಸ ನೀರಿನ ಅಳತೆ ಬರೆದಿಟ್ಟುಕೊಳ್ಳಿ. ಮುಂದಿನ ಸಲ ಬದಲಿಸುವ ಮುಂಚೆ ಅದೇ ನೀರನ್ನು ಮತ್ತೆ ಅಳೆಯಿರಿ. ಎರಡೂ ಒಂದೇ ಬಂದರೆ ಮುಗಿಯಿತು. ಆಮೇಲೆ ಹೇಳಿದ ಹಾಗೆ ಎರಡು ತೊಟ್ಟು ಪಕ್ಕಪಕ್ಕ ಹಾಕಿ, ಕಪ್ಪು ಕಾಗದದ ಮೇಲೆ ಇಟ್ಟು ಫೋಟೋ ಹಾಕಿ, ನೋಡಿ ಹೇಳುತ್ತೇನೆ.